ಕೊನೆಯ ಪಂಕ್ತಿಗೆ ಕಾಯದ ದಿನ

ನಾನು ಒಂದು ಮಳೆಗಾಲದಲ್ಲಿ ಕಾಣೆಯಾದೆನಂತೆ. ಈ ಸುದ್ದಿ ನನಗೆ ತಿಳಿದದ್ದು ಹೊನ್ನಾವರದ ನನ್ನ ಅಂಗಡಿಯಲ್ಲಿ, ಯಾರದೋ ಆಧಾರ್ ಕಾರ್ಡಿನ ಝೆರಾಕ್ಸ್ ತೆಗೆಯುತ್ತಿದ್ದಾಗ. ತಂಗಿಯ ಮಗಳು ಫೋನಿಗೆ ಒಂದು ವಿಡಿಯೋ ಕಳಿಸಿದ್ದಳು. ನೀಲಿ ಪರದೆಯ ಮೇಲೆ ನಡುಗುವ ಬಿಳಿ ಅಕ್ಷರ: ‘ಈ ಕ್ಯಾಸೆಟ್ಟುಗಳು ಕರಾವಳಿಯ ಒಂದು ಪಾಳು ವಿಡಿಯೋ ಅಂಗಡಿಯಲ್ಲಿ ಸಿಕ್ಕವು. ಅಂಗಡಿಯ ಮಾಲೀಕ ಒಂದು ಮಳೆಗಾಲದಲ್ಲಿ ಕಾಣೆಯಾದ. ಆಮೇಲೆ ಅವನನ್ನು ಕಂಡವರಿಲ್ಲ.’ ಝೆರಾಕ್ಸಿಗೆ ಬಂದಿದ್ದ ಗಿರಾಕಿ ನನ್ನನ್ನು ಕಂಡು, ಚಿಲ್ಲರೆಗೆ ಎರಡು ಮಾತು ಆಡಿಯೇ ಹೋದ.

ತಂಗಿಯನ್ನು ಶಿರಾಲಿಗೆ ಕೊಟ್ಟಿದ್ದೇವೆ. ಹೆದ್ದಾರಿ ಅಗಲ ಮಾಡುವಾಗ ನನ್ನ ಹಳೆಯ ಅಂಗಡಿ ಇದ್ದ ಸಾಲೇ ಹೋಯಿತು. ಹೊಸ ಅಂಗಡಿ ಒಬ್ಬ ಮನುಷ್ಯ, ಒಂದು ಝೆರಾಕ್ಸ್ ಯಂತ್ರ, ಪಾಸ್‌ಪೋರ್ಟ್ ಫೋಟೋಕ್ಕೆ ಒಂದು ನೀಲಿ ಬಟ್ಟೆ ಹಿಡಿಸುವಷ್ಟು. ಮದುವೆ ವಿಡಿಯೋದ ಹಳೆ ಕ್ಯಾಸೆಟ್ಟುಗಳನ್ನೆಲ್ಲ ರಟ್ಟಿನ ಡಬ್ಬಿಗಳಲ್ಲಿ ತುಂಬಿ ತಂಗಿಯ ಮನೆಯ ಅಟ್ಟಕ್ಕೆ ಹಾಕಿ ಮರೆತಿದ್ದೆ. ಅವಳ ಮಗಳು ಭಟ್ಕಳದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರು. ಹೋದ ವರ್ಷ ಫೋನ್ ಮಾಡಿ ಕೇಳಿದಳು.

“ಮಾವ, ಅಟ್ಟದ ಮೇಲಿನ ಕ್ಯಾಸೆಟ್ ಎಂತ ಮಾಡೂದು?”

“ಎಸಿ.”

“ಎಸೂದಾದ್ರೆ ನಂಗೆ ಕೊಡಿ. ಹೆದರಿಕೆ ಸೀರಿಯಲ್ ಮಾಡ್ತೆ. ಇಂಟರ್ನೆಟ್ಟಲ್ಲಿ ಹಾಕೂದು.”

ಮದುವೆ ಕ್ಯಾಸೆಟ್ಟಿನಲ್ಲಿ ಹೆದರಿಕೆ ಎಲ್ಲಿಂದ ಬಂತು ಎಂದು ಕೇಳಿದೆ. “ಮೊದಲನೇ ಕಂತು ನೋಡಿ, ಆಮೇಲೆ ಹೇಳಿ. ಅದ್ರಲ್ಲಿ ನೀವು ಇಲ್ಲ, ಬೇಜಾರ್ ಮಾಡ್ಕಳ್ಬೇಡಿ” ಎಂದಳು. ‘ಇಲ್ಲ’ ಎನ್ನುವುದನ್ನು ಅವಳು ಎಷ್ಟು ಗಟ್ಟಿಯಾಗಿ ಹೇಳಿದ್ದಳು ಎಂಬುದು ಆ ನೀಲಿ ಪರದೆ ನೋಡಿದ ಮೇಲೆ ಗೊತ್ತಾಯಿತು.

ನೋಡಿದೆ. ಮೊದಲು ಬಂದದ್ದು ಹೆದರಿಕೆಯಲ್ಲ, ಸಿಟ್ಟು. ನನ್ನ ಕ್ಯಾಮೆರಾ ಭಟ್ಕಳದಲ್ಲಿ ದುಬೈಯಿಂದ ಬಂದವರೊಬ್ಬರಿಂದ ಕೊಂಡದ್ದು. ಹೆಗಲ ಮೇಲೆ ಇಟ್ಟುಕೊಂಡರೆ ಸಂಜೆಗೆ ಕುತ್ತಿಗೆ ಒಂದು ಕಡೆಗೇ ನಿಲ್ಲುತ್ತಿತ್ತು. ಅದರ ಹೆಡ್ಡನ್ನು ವಾರಕ್ಕೊಮ್ಮೆ ಸ್ಪಿರಿಟ್ ಹಾಕಿ ಒರೆಸಿ, ಕ್ಯಾಸೆಟ್ಟುಗಳನ್ನು ಅಕ್ಕಿ ಡಬ್ಬಿಯ ಪಕ್ಕ ಬೆಚ್ಚಗೆ ಇಟ್ಟು, ಚಿತ್ರದಲ್ಲಿ ಒಂದು ಗೆರೆ ಬರದಂತೆ ನೋಡಿಕೊಂಡವನು ನಾನು. ಇವರು ಗೆರೆ ಬರಿಸಲಿಕ್ಕೆಂದೇ ಕೂತಿದ್ದಾರೆ. ಬಣ್ಣ ತೆಗೆದಿದ್ದಾರೆ. ಮದುಮಗಳು ನಗುವಲ್ಲಿ ಚಿತ್ರ ನಿಲ್ಲಿಸಿ, ಆ ನಗುವನ್ನೇ ಹತ್ತು ಸೆಕೆಂಡು ಎಳೆದಿದ್ದಾರೆ. ವಾಲಗದ ಸದ್ದನ್ನು ನಿಧಾನ ಮಾಡಿದರೆ ಅದು ಏನಾಗುತ್ತದೆ ಎಂದು ನನಗೆ ಅಂದಾಜೇ ಇರಲಿಲ್ಲ. ಶಬ್ದದ ಕೆಲಸ ಅವಳ ಜೊತೆ ಕಲಿಸುವ ಭಟ್ಕಳದ ಹುಡುಗಿಯದಂತೆ. ಮನೆಯಲ್ಲಿ ನವಾಯತಿ, ಶಾಲೆಯಲ್ಲಿ ಕನ್ನಡ, ಕಂಪ್ಯೂಟರಿನಲ್ಲಿ ದೆವ್ವದ ಭಾಷೆ. ಕೆಲಸ ಚೊಕ್ಕವಾಗಿತ್ತು, ಅದನ್ನು ಒಪ್ಪಲೇಬೇಕು.

ಜನ ನೋಡಿದರು. ಕೆಳಗೆ ಕಮೆಂಟು ಹಾಕಿದರು. ನಾನು ಕಾಣೆಯಾದದ್ದು ಹೇಗೆ ಎಂಬ ಬಗ್ಗೆ ಊರೂರಿನವರು ತಲೆ ಕೆಡಿಸಿಕೊಂಡಿದ್ದರು. ಒಬ್ಬ ನನ್ನನ್ನು ಕಡಲಿಗೆ ಹಾಕಿದ್ದ. ಇನ್ನೊಬ್ಬ ನನ್ನನ್ನು ನನ್ನದೇ ಕ್ಯಾಸೆಟ್ಟಿನೊಳಗೆ ಸಿಕ್ಕಿಸಿಟ್ಟಿದ್ದ. ಊಟದ ಡಬ್ಬಿ ಬಿಚ್ಚಿಕೊಂಡು ಅವನ್ನೆಲ್ಲ ಓದುವುದು ಕೆಲವು ದಿನ ನನಗೆ ಒಳ್ಳೆಯ ಕಾಲಕ್ಷೇಪವಾಗಿತ್ತು. ಬದುಕಿದ್ದಾಗ ನನ್ನ ಬಗ್ಗೆ ಇಷ್ಟು ಜನ ಯೋಚಿಸಿದ್ದಿಲ್ಲ.

ಮೂರನೇ ಕಂತು ಒಂದು ಬುಧವಾರ ಬಂತು. ಮಂಕಿಯ ಒಂದು ಮದುವೆಯ ಕ್ಯಾಸೆಟ್ಟು ಅದು. ಮದುವೆ ಮುಗಿಯುತ್ತದೆ, ಪರದೆಯ ತುಂಬ ಬಿಳಿ ಚುಕ್ಕೆಗಳು ಕುದಿಯುತ್ತವೆ. ಸಾಮಾನ್ಯ ಜನ ಅಲ್ಲಿಗೆ ಬಂದ್ ಮಾಡುತ್ತಾರೆ. ಇವರು ಮಾಡಿಲ್ಲ. ಆ ಚುಕ್ಕೆಗಳ ನಡುವಿಂದ ಒಂದು ಖಾಲಿ ಮಂಟಪ ಬರುತ್ತದೆ, ಯಾರೋ ನೆಲ ಗುಡಿಸುತ್ತಿದ್ದಾರೆ. ಬದಿಯಿಂದ ಒಬ್ಬ ಮುದುಕ ನೇರ ಕ್ಯಾಮೆರಾದ ಕಡೆಗೇ ನಡೆದು ಬರುತ್ತಾನೆ. ಬೂಷ್ಟು ತಿಂದು ಅವನ ಮುಖದ ಎಡಭಾಗ ಇಲ್ಲ. ಮುಖ ಪರದೆಯ ತುಂಬ ಆಗುವವರೆಗೆ ಬರುತ್ತಾನೆ, ಬಾಯಿ ಆಡುತ್ತದೆ, ಹಿಂದುಮುಂದಾಗಿಸಿದ ಒಂದು ದನಿ ಏನನ್ನೋ ಹೇಳುತ್ತದೆ. ಆಮೇಲೆ ಚಿತ್ರ ಧಡಕ್ಕನೆ ನೆಲಕ್ಕೆ ಬೀಳುತ್ತದೆ, ಒಂದು ಜೊತೆ ಚಪ್ಪಲಿ ಕಾಣುತ್ತದೆ, ಮುಗಿಯುತ್ತದೆ. ಜನ ಅವನಿಗೆ ‘ಕೊನೆಗೆ ಬರುವವನು’ ಎಂದು ಹೆಸರಿಟ್ಟರು. ಚಪ್ಪಲಿ ಯಾರದು ಎಂದು ಚರ್ಚೆ ನಡೆಯಿತು. ಚಪ್ಪಲಿ ನನ್ನದು. ಮುದುಕ ಯಾರು ಎಂದೂ ನನಗೆ ಗೊತ್ತಿತ್ತು. ಡಬ್ಬಿಯ ಊಟ ಅಲ್ಲಿಗೇ ಬಿಟ್ಟೆ.

ಇಲ್ಲಿ ನನ್ನ ಕೆಲಸದ ಒಂದು ಕ್ರಮ ಹೇಳಬೇಕು. ನಮ್ಮ ಕಡೆ ಮದುವೆಮನೆಯಲ್ಲಿ ವಿಡಿಯೋದವನು ಊಟ ಮಾಡುವುದು ಕೊನೆಯ ಪಂಕ್ತಿಯಲ್ಲಿ, ವಾಲಗದವರು, ಅಡುಗೆಯವರು, ಮನೆಯ ಹೆಂಗಸರ ಜೊತೆ. ಆ ಪಂಕ್ತಿಗೆ ಕಾಯುವ ಅರ್ಧ ಗಂಟೆ ನನ್ನ ಗುಮಾಸ್ತಿಕೆಯ ಹೊತ್ತು. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಹೊರತೆಗೆಯಬೇಕು. ಊರು, ಮನೆ, ಯಾರ ಮದುವೆ ಎಂದು ಚೀಟಿಯಲ್ಲಿ ಬರೆದು ಅಂಟಿಸಬೇಕು. ಮನೆಯ ಕೀಲಿಕೈ ಹಾಕಿ ಅದರ ಬೆನ್ನಿನ ಪ್ಲಾಸ್ಟಿಕ್ ಚಕ್ಕೆ ಮುರಿಯಬೇಕು. ಆ ಚಕ್ಕೆ ಮುರಿದ ಕ್ಯಾಸೆಟ್ಟಿನ ಮೇಲೆ ಯಾವ ಯಂತ್ರವೂ ಮತ್ತೆ ರೆಕಾರ್ಡ್ ಮಾಡುವುದಿಲ್ಲ. ಇಷ್ಟು ಮಾಡುವುದರೊಳಗೆ ಎಲೆ ಹಾಕಿರುತ್ತಾರೆ. ಊಟಕ್ಕೆ ಕೂರದೆ ಹೋದರೆ ಮನೆಯವರಿಗೆ ಬೇಸರ ಎಂದಷ್ಟೇ ನಾನು ತಿಳಿದಿದ್ದೆ. ನನ್ನ ಕೆಲಸವೆಲ್ಲ ಆ ಊಟದ ಮೇಲೆ ನಿಂತಿತ್ತು ಎಂಬುದು ಆಗ ತಿಳಿದಿರಲಿಲ್ಲ.

ಮುದುಕ ತದಡಿಯವನು, ಬೋಟಿನಲ್ಲಿ ದುಡಿಯುವವನು. ಈಗ ಮುದುಕ ಎನ್ನುತ್ತೇನೆ. ಲೆಕ್ಕ ಹಾಕಿದರೆ ಅವನಿಗೆ ಆಗ ನನ್ನ ಈಗಿನ ವಯಸ್ಸೂ ಆಗಿರಲಿಲ್ಲ, ಬಿಸಿಲು, ಉಪ್ಪು ಸೇರಿ ಹಾಗೆ ಮಾಡಿದ್ದವು. ಅವನ ಒಬ್ಬಳೇ ಮಗಳ ಮದುವೆ ಇಡಗುಂಜಿಯ ದೇವಸ್ಥಾನದಲ್ಲಿ ಆಯಿತು. ಅದೇ ದಿನ ಮಧ್ಯಾಹ್ನ ನನಗೆ ಕುಮಟೆಯಲ್ಲಿ ಇನ್ನೊಂದು ಮದುವೆ ಇತ್ತು, ದೊಡ್ಡ ಮನೆ, ಕಾರು ಕಳಿಸಿದ್ದರು. ಡ್ರೈವರು ಹೊರಗೆ ಹಾರ್ನ್ ಹೊಡೆಯುತ್ತಿದ್ದ. ನಾನು ಪಂಕ್ತಿಗೆ ಕಾಯಲಿಲ್ಲ. ಕ್ಯಾಸೆಟ್ಟನ್ನು ಕಾರಿನಲ್ಲೇ ಹಿಂದಕ್ಕೆ ಸುತ್ತಿ ಚೀಲಕ್ಕೆ ಹಾಕಿದೆ. ಚೀಟಿ ಬರೆಯಲಿಲ್ಲ, ಚಕ್ಕೆ ಮುರಿಯಲಿಲ್ಲ. ಹಾಗೆ ಬಿಟ್ಟ ಕ್ಯಾಸೆಟ್ಟಿಗೂ ಹೊಸ ಖಾಲಿ ಕ್ಯಾಸೆಟ್ಟಿಗೂ ಮೇಲುನೋಟಕ್ಕೆ ಏನೂ ವ್ಯತ್ಯಾಸವಿಲ್ಲ. ಎರಡು ವಾರದ ಮೇಲೆ ಮಂಕಿಯ ಮದುವೆಯನ್ನು ನಾನು ಅದರ ಮೇಲೆಯೇ ತೆಗೆದೆ.

ಆಗ ಎಡಿಟಿಂಗ್ ಎಲ್ಲ ಮಳೆಗಾಲದ ಕೆಲಸ. ಸೀಸನ್ನಿನಲ್ಲಿ ತೆಗೆದದ್ದನ್ನು ಮಳೆ ಹಿಡಿದ ಮೇಲೆ ಕೂತು ಕತ್ತರಿಸಿ, ಹೂವು ನಕ್ಷತ್ರ ಹಾಕಿ, ಚೌತಿಯ ಹೊತ್ತಿಗೆ ಮನೆಮನೆಗೆ ಕೊಡುವುದು. ನಾನು ತದಡಿಯವರ ಕ್ಯಾಸೆಟ್ಟಿಗೆ ಬರುವ ಮೊದಲೇ ಮುದುಕನ ಮಗಳು ಅಂಗಡಿಗೆ ಬಂದಳು. ಆ ವರ್ಷ ಮೀನುಗಾರಿಕೆ ಮತ್ತೆ ಶುರುವಾದ ವಾರದಲ್ಲೇ ಅಪ್ಪ ಅಳಿವೆಯಲ್ಲಿ, ಹೊಳೆ ಕಡಲು ಸೇರುವಲ್ಲಿ, ಮುಳುಗಿ ಹೋದ ಎಂದಳು. ಅವನದು ಫೋಟೋ ಎಂದು ಮನೆಯಲ್ಲಿ ಒಂದೂ ಇಲ್ಲ, ಮದುವೆ ವಿಡಿಯೋದಲ್ಲಿ ಇದ್ದಾನಲ್ಲ, ಅದು ಬೇಗ ಕೊಡಿ ಎಂದಳು. ನಾಳೆ ನೋಡುತ್ತೇನೆ ಎಂದು ಕಳಿಸಿ, ಎಲ್ಲ ಹುಡುಕಿದೆ. ಮಂಕಿಯದನ್ನು ಹಾಕಿದಾಗ ಅದರ ಮೊದಲಲ್ಲಿ ಒಂದು ಕ್ಷಣ ಇಡಗುಂಜಿಯ ಗೋಪುರ ಮಿಂಚಿ, ಮಂಕಿಯ ಚಪ್ಪರ ಬಂತು. ಹತ್ತು ನಿಮಿಷ ನೋಡಿದೆ. ಬಂದ್ ಮಾಡಿದೆ.

ಎರಡನೇ ಸಲ ಬಂದಾಗ “ಬೂಷ್ಟು ಬಂದು ಹೋಗದೆ ತಂಗಿ, ಎಂತ ಮಾಡೂಕೂ ಆಗೂದಿಲ್ಲ” ಎಂದೆ. ಕರಾವಳಿಯಲ್ಲಿ ಬೂಷ್ಟಿಗೆ ಎಲ್ಲರೂ ಹೆದರುತ್ತಾರೆ, ಎಲ್ಲರೂ ನಂಬುತ್ತಾರೆ. ಅವಳೂ ನಂಬಿದಳು. ಆದರೂ ಮೂರನೇ ಸಲ ಬಂದಳು. ಬಿಸಿಲಿಗೆ ಇಟ್ಟರೆ ಸರಿಯಾದೀತೇ ಎಂದು ಕೇಳಿದಳು. ಆಗುವುದಿಲ್ಲ ಎಂದೆ. ಆಗ ಸೆರಗಿನಿಂದ ಮೀನುಗಾರರ ಸಂಘದ ಒಂದು ಕಾರ್ಡು ತೆಗೆದಳು. ಅದರಲ್ಲಿ ಅಂಚೆಚೀಟಿಯಷ್ಟು ಫೋಟೋ ಇತ್ತು, ಬಲಗೆನ್ನೆಯ ಮೇಲೆ ಸಂಘದ ಮೊಹರು ಬಿದ್ದಿತ್ತು. ಎರಡು ದಿನ ಕೂತು, ಕುಂಚ ಹಿಡಿದು, ಆ ಮೊಹರು ತೆಗೆದು ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಟ್ಟೆ. ಬಲಗೆನ್ನೆ ನಾನೇ ಊಹಿಸಿ ಬರೆದದ್ದು. ಅವಳು ಫೋಟೋವನ್ನು ತುಂಬ ಹೊತ್ತು ನೋಡಿ, “ಅಪ್ಪನಂಗೇ ಅದೆ” ಎಂದು ಕೈಮುಗಿದು ಹೋದಳು. ಆ ಕೈಮುಗಿತವನ್ನು ನಾನು ಇಷ್ಟು ವರ್ಷ ಹೊತ್ತುಕೊಂಡಿದ್ದೇನೆ. ಕುಮಟೆಯ ಸಂತೆಯಲ್ಲಿ ಅವಳು ಒಣಮೀನು ಮಾರಲು ಕೂರುತ್ತಾಳೆ. ನಾನು ಅಲ್ಲಿಗೆ ಹೋದರೆ ತರಕಾರಿ ಸಾಲಿನಿಂದಲೇ ತಿರುಗಿ ಬರುತ್ತೇನೆ. ನಮ್ಮ ಮನೆಯಲ್ಲಿ ಒಣಮೀನು ಹೊನ್ನಾವರದ್ದೇ ಚೆನ್ನ ಎಂದು ಹೆಂಡತಿಗೆ ಹೇಳುತ್ತ ಬಂದಿದ್ದೇನೆ.

ಈಗ ಆ ಅಪ್ಪ ದೆವ್ವವಾಗಿ ಎಲ್ಲರ ಫೋನಿನಲ್ಲಿ ತಿರುಗುತ್ತಿದ್ದ. ತದಡಿಯಲ್ಲಿ ಯಾರ ಕೈಯಲ್ಲಿ ಫೋನಿಲ್ಲ? ಇವತ್ತಲ್ಲ ನಾಳೆ ಯಾರೋ ಒಬ್ಬರು ಅವಳ ಮುಖದ ಮುಂದೆ ಹಿಡಿದು, ಇದು ನಿನ್ನ ಅಪ್ಪನಲ್ಲವೇ ಎನ್ನುತ್ತಾರೆ. ಅರ್ಧ ಮುಖ ಇಲ್ಲದ, ತಿರುಚಿದ ದನಿಯ ಅಪ್ಪನನ್ನು ಅವಳು ಮೊದಲು ಹಾಗೆ ನೋಡಬೇಕು. ಅದರ ಮೊದಲು ನಾನು ಹೋಗಬೇಕಿತ್ತು. ಹೋದರೆ ಬೂಷ್ಟಿನ ಸುಳ್ಳನ್ನು ನಾನೇ ಬಿಚ್ಚಬೇಕಿತ್ತು.

ಭಾನುವಾರ ಶಿರಾಲಿಗೆ ಹೋದೆ. ಸೊಸೆಗೆ, ಅಂದರೆ ತಂಗಿಯ ಮಗಳಿಗೆ, ಎಲ್ಲ ಹೇಳಿದೆ. ಅವಳು ಲ್ಯಾಪ್‌ಟಾಪಿನ ಮುಂದೆ ಕೂತಿದ್ದವಳು ತಿರುಗಿ ನನ್ನನ್ನೇ ನೋಡಿದಳು.

“ಹಂಗಾರೆ ನೀವು ಕ್ಯಾಸೆಟ್ ಕೊನೇ ತನಕ ನೋಡ್ಲೇ ಇಲ್ಲ?”

“ಇಲ್ಲ.”

“ನೋಡಿದ್ರೆ ಅವತ್ತೇ ಸಿಗ್ತಿತ್ತು, ಮಾವ.”

ಅದು ನನಗೆ ಬುಧವಾರದಿಂದಲೇ ಗೊತ್ತಿತ್ತು. ಮಂಕಿಯ ಮದುವೆ ಚಿಕ್ಕದು, ಇಡಗುಂಜಿಯದು ನಾಲ್ಕು ನಿಮಿಷ ಉದ್ದ. ಆ ನಾಲ್ಕು ನಿಮಿಷದ ಮೇಲೆ ಯಾರೂ ಏನೂ ಬರೆದಿರಲಿಲ್ಲ. ಹೆದರಿಕೆಯಿಂದ ಹತ್ತೇ ನಿಮಿಷಕ್ಕೆ ಬಂದ್ ಮಾಡಿದವನು ನಾನು. ಇವರು ದೆವ್ವ ಹುಡುಕುತ್ತ, ಬಿಳಿ ಚುಕ್ಕೆಗಳನ್ನೂ ಬಿಡದೆ, ಪ್ರತಿ ಕ್ಯಾಸೆಟ್ಟನ್ನು ತುದಿಯವರೆಗೆ ನೋಡಿದ್ದರು. ನನಗಿಂತ ಅವರಿಗೆ ಕೆಲಸದ ಮೇಲೆ ಶ್ರದ್ಧೆ ಇತ್ತು.

ಏನನ್ನೂ ತಿರುಚದ ಮೊದಲ ಪ್ರತಿ ಅವಳ ಹತ್ತಿರ ಇತ್ತು. ನಾವಿಬ್ಬರೂ ಕೂತು ನೋಡಿದೆವು. ಬಣ್ಣ ಇತ್ತು. ಬೂಷ್ಟು ನಿಜವಾಗಿಯೂ ಬಂದಿತ್ತು; ಅಂದು ಸುಳ್ಳಾಗಿದ್ದದ್ದು ಅಟ್ಟದಲ್ಲಿ ನಿಧಾನವಾಗಿ ನಿಜವಾಗಿತ್ತು. ಮುದುಕ ಹೆಗಲ ಮೇಲೆ ಹೊಸ ಶಲ್ಯ ಹಾಕಿಕೊಂಡು ಬರುತ್ತಾನೆ. ಕ್ಯಾಮೆರಾ ನಡೆಯುತ್ತಿದೆ ಎಂದು ಅವನಿಗೆ ಗೊತ್ತಿಲ್ಲ, ಅವನು ಮಾತಾಡುವುದು ನನ್ನ ಜೊತೆ. ಸೊಸೆ ದನಿ ಏರಿಸಿದಳು. ಆಮೇಲೆ ಫೋನಿಗೆ ಹಾಕಿಕೊಟ್ಟಳು. ಕ್ಯಾಸೆಟ್ಟನ್ನೂ ಕಾಗದದಲ್ಲಿ ಸುತ್ತಿ ಕೊಟ್ಟಳು. “ತೆಗೀಬೇಕು ಅಂದ್ರೆ ತೆಗೀತೆ. ಆದ್ರೆ ಅವರೇ ಹೇಳ್ಬೇಕು, ನೀವಲ್ಲ” ಎಂದಳು. ನ್ಯಾಯವಾದ ಮಾತು.

ಮರುದಿನ ಅಂಗಡಿ ತೆಗೆಯಲಿಲ್ಲ. ಕುಮಟೆಯಲ್ಲಿ ಇಳಿದು ತದಡಿ ಬಸ್ಸು ಹತ್ತಿದೆ. ಅವಳು ಮೂರು ಸಲ ಬಂದ ದಾರಿಯಲ್ಲಿ ನಾನು ಒಂದು ಸಲ ಹೋಗುತ್ತಿದ್ದೆ. ಅವಳ ಗಂಡನ ಮನೆ ಬಂದರಿನ ಹತ್ತಿರವೇ, ತವರಿನಿಂದ ನಾಲ್ಕು ಮನೆ ಆಚೆ. ಮಧ್ಯಾಹ್ನದ ಹೊತ್ತು. ಅಂಗಳದಲ್ಲಿ ಒಣಗಲು ಹಾಕಿದ ಮೀನಿನ ಮೇಲೆ ಬಲೆ ಹೊದಿಸುತ್ತಿದ್ದಳು. ತಲೆ ನೆರೆತಿದೆ. ನನ್ನನ್ನು ನೋಡಿ, ಗುರುತು ಹಚ್ಚಲು ಸ್ವಲ್ಪ ಹೊತ್ತು ಬೇಕಾಯಿತು.

“ವಿಡಿಯೋದಣ್ಣ ಅಲ್ದಾ? ಎಂತ ಇತ್ಲಾಗೆ?”

ಜಗಲಿಯ ಮೇಲೆ ಕೂತೆ. ಒಳಗಿನ ಗೋಡೆಯ ಮೇಲೆ ನಾನು ಕೆನ್ನೆ ಬರೆದ ಫೋಟೋ ಕಾಣುತ್ತಿತ್ತು, ಮೇಲೆ ಪ್ಲಾಸ್ಟಿಕ್ ಹಾರ. ಸುತ್ತುಬಳಸಿ ಹೇಳಬೇಕೆಂದು ಬಸ್ಸಿನಲ್ಲಿ ಅಂದುಕೊಂಡದ್ದು ಒಂದೂ ಬಾಯಿಗೆ ಬರಲಿಲ್ಲ. ಅವತ್ತು ಬೂಷ್ಟು ಬಂದಿರಲಿಲ್ಲ ಎಂದೆ. ಬೇರೆ ಮದುವೆಯನ್ನು ಅದರ ಮೇಲೆ ತೆಗೆದು ಅಳಿಸಿದವನು ನಾನು, ಅದನ್ನು ಹೇಳುವ ಧೈರ್ಯ ಆಗಲಿಲ್ಲ ಎಂದೆ. ಅವಳು ಬಲೆ ಹಿಡಿದೇ ನಿಂತಿದ್ದಳು.

“ಮೂರು ಸಲ ಬಂದಿದ್ದೆ ನಾನು. ಬಸುರಿ ಇದ್ದೆ ಆವಾಗ.”

“ಗೊತ್ತು.”

“ಮೂರು ಸಲ.”

ನಾಲ್ಕು ನಿಮಿಷ ಉಳಿದಿದೆ, ಅದರಲ್ಲಿ ಅಪ್ಪ ಇದ್ದಾನೆ ಎಂದೆ. ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಪಕ್ಕದಲ್ಲಿ ಕೂತಳು. ಫೋನು ಕೊಟ್ಟೆ. ಖಾಲಿ ಮಂಟಪ ಬಂತು. ಅಪ್ಪ ಬದಿಯಿಂದ ಬಂದ. ಮುಖ ಹತ್ತಿರವಾಯಿತು.

“ಏ ತಮಾ, ಉಣ್ಣದೆ ಹೋಗೂದಲ್ಲ. ಎಲೆ ಹಾಕೀರು, ಬಾ. ನನ್ನ ಮಗಳ ಮದುವೆ ಅದು.”

ಅದರ ಹಿಂದೆಯೇ, ಮೈಕಿಗೆ ತೀರ ಹತ್ತಿರವಾದ್ದರಿಂದ ದೊಡ್ಡದಾಗಿ, ನನ್ನ ಎಳೆಯ ದನಿ: “ಆತು, ಆತು. ನಂದು ಊಟ ಆತು.”

ಆಮೇಲೆ ನೆಲ, ನನ್ನ ಚಪ್ಪಲಿ.

ಅವಳು ನಾಲ್ಕು ಸಲ ನೋಡಿದಳು. ಅತ್ತಳು, ಆದರೆ ದನಿ ತೆಗೆದು ಅಲ್ಲ. ಅಪ್ಪನ ದನಿ ಮರೆತೇ ಹೋಗಿತ್ತು ಎಂದಳು. ಈಗ ಕೇಳಿದ ಮೇಲೆ, ಮರೆತಿತ್ತು ಎಂಬುದೇ ಸುಳ್ಳು ಅನ್ನಿಸುತ್ತದೆ ಎಂದಳು. ನಾನು ಮುಚ್ಚಿಡುವುದು ಬೇಡವೆಂದು ಸೊಸೆಯ ಸೀರಿಯಲ್ಲಿನ ವಿಷಯವನ್ನೂ ಹೇಳಿ, ದೆವ್ವದ ಪ್ರತಿಯನ್ನೂ ತೋರಿಸಿದೆ. ಅವಳು ಅದನ್ನು ಹುಬ್ಬು ಗಂಟಿಕ್ಕಿ ನೋಡಿದಳು.

“ಇದ್ಕೆ ಹೆದರ್ತ್ರಾ ಜನ?”

“ಹೆದರ್ತ್ರು.”

“ಊಟಕ್ಕೆ ಕರೂಕೆ ಬಂದವನನ್ನ ದೆವ್ವ ಮಾಡೂದಾ? ತೆಗೀರಿ ಅಂತ ಹೇಳಿ.”

ಸೊಸೆ ಮರುದಿನವೇ ತೆಗೆದಳು. ಕೊನೆಗೆ ಬರುವವನು ತಾನಾಗಿ ಅಳಿಸಿಹೋದ ಎಂದು, ಅವನು ನಿಜ ಎಂಬುದಕ್ಕೆ ಇದೇ ಸಾಕ್ಷಿ ಎಂದು ಜನ ಈಗಲೂ ಬರೆಯುತ್ತಿದ್ದಾರಂತೆ. ಅವನು ನಿಜ ಎಂಬಷ್ಟರ ಮಟ್ಟಿಗೆ ಅವರು ಹೇಳುವುದು ಸರಿ.

ಆ ಮಧ್ಯಾಹ್ನ ಜಗಲಿಯ ಮೇಲೆ ಅವಳು ಫೋನನ್ನು ನನ್ನ ಕೈಗೆ ಕೊಡದೆ ಇನ್ನೊಮ್ಮೆ ಹಚ್ಚಿದಳು. ಈ ಸಲ ಅಪ್ಪನ ಮಾತಿನ ನಂತರ ನಿಲ್ಲಿಸಲಿಲ್ಲ, ನನ್ನ ದನಿಯನ್ನೂ ಕೇಳಿದಳು.

“ಆಗಿತ್ತಾ ಅವತ್ತು ನಿಮ್ಮದು ಊಟ?”

“ಇಲ್ಲ.”

“ಅಪ್ಪನ ಹತ್ರನೂ ಸುಳ್ಳೇ ಹೇಳಿದ್ರಿ ಹಂಗಾರೆ.”

ಎದ್ದು ಒಳಗೆ ಹೋದಳು. ನಾನು ಎದ್ದು ಹೋಗಬೇಕೆಂದೇ ಅದರ ಅರ್ಥ ಎಂದುಕೊಂಡೆ. ಕಾಗದ ಸುತ್ತಿದ ಕ್ಯಾಸೆಟ್ಟನ್ನು ಜಗಲಿಯ ಮೇಲೆ ಇಟ್ಟು ಚಪ್ಪಲಿ ಹುಡುಕಿದೆ. ಒಳಗೆ ತಾಟು ಇಟ್ಟ ಸದ್ದಾಯಿತು.

“ಇವತ್ತು ಆಯ್ತಾ?” ಎಂದು ಒಳಗಿನಿಂದಲೇ ಕೇಳಿದಳು.

ಆತು ಎನ್ನುವುದು ನಮ್ಮ ಬಾಯಲ್ಲಿ ಕೇಳುವ ಮೊದಲೇ ಸಿದ್ಧವಾಗಿರುವ ಮಾತು. ಅದನ್ನು ನುಂಗಿಕೊಂಡೆ. ಇಲ್ಲ ಎಂದೆ.

“ಕೂತ್ಕಳಿ. ಸಾರು ಬಿಸಿ ಮಾಡ್ತೆ. ಅಷ್ಟರೊಳಗೆ ಆ ಕ್ಯಾಸೆಟ್ ಮೇಲೆ ಅಪ್ಪನ ಹೆಸರು ಬರೀರಿ.”

ಕಾಗದ ಬಿಚ್ಚಿದೆ. ಮೇಲೆ ಮಂಕಿಯವರ ಹೆಸರಿನ ಚೀಟಿ, ನನ್ನದೇ ಅಕ್ಷರ. ಉಗುರಿನಿಂದ ಕೆತ್ತಿ ಅದನ್ನು ತೆಗೆದೆ. ಜೇಬಿನಲ್ಲಿ ಪೆನ್ನಿತ್ತು, ಬಸ್ ಟಿಕೆಟಿನ ಹಿಂದೆ ಬರೆದು, ಅವಳಿಂದಲೇ ನಾಲ್ಕು ಅನ್ನದ ಅಗುಳು ಕೇಳಿ ಅಂಟಿಸಿದೆ. ತದಡಿ. ಅಪ್ಪನ ಹೆಸರು. ಮಗಳ ಮದುವೆ. ತಾಟು ಬರುವುದರೊಳಗೆ ಬರೆದು ಮುಗಿಸಿದ್ದೆ.